ಔಟ್‌ಬೋರ್ಡ್ ಮೋಟಾರಿನ ಎತ್ತರ ಮತ್ತು ಟ್ರಿಮ್: ದೋಣಿ ಸರಿಯಾಗಿ ಓಡದಿದ್ದಾಗ ದೋಷ ಹುಡುಕುವ ಕ್ರಮ

ಎಂಜಿನ್ನಿನ ಸದ್ದು ಸರಿಯಾಗಿದೆ, ಪ್ಲಗ್‌ಗಳು ಹೊಸವು, ಇಂಧನಕ್ಕೆ ನೀರು ಸೇರಿಲ್ಲ, ಆದರೂ ದೋಣಿಗೆ ಬರಬೇಕಾದ ವೇಗ ಬರುತ್ತಿಲ್ಲ ಎಂದಾದಾಗ ಹೆಚ್ಚಿನವರು ಮೊದಲು ಕೈ ಹಾಕುವುದು ಪ್ರೊಪೆಲ್ಲರಿಗೆ. ಪ್ರೊಪೆಲ್ಲರ್ ಬದಲಿಸುವುದು ಸುಲಭ, ಒಂದು ನಟ್ ಬಿಚ್ಚಿದರೆ ಆಯಿತು. ಮೋಟಾರನ್ನು ಎತ್ತಿ, ಅದನ್ನು ದೋಣಿಗೆ ಬಿಗಿಯುವ ಬ್ರಾಕೆಟ್ಟಿನ ಬೇರೆ ತೂತಿಗೆ ಕೂರಿಸಬೇಕಾದರೆ ಚೈನ್ ಬ್ಲಾಕ್ ಬೇಕು, ಇಬ್ಬರು ಬೇಕು, ಅರ್ಧ ದಿನ ಬೇಕು. ಹೀಗಾಗಿ ಎತ್ತರದ ತಪ್ಪನ್ನು ಪ್ರೊಪೆಲ್ಲರಿನಿಂದ ಮುಚ್ಚಿಕೊಂಡು ಓಡುತ್ತಿರುವ ದೋಣಿಗಳು ಬಹಳ ಇವೆ. ಎತ್ತರ ಮೊದಲು, ಟ್ರಿಮ್ ಆಮೇಲೆ, ಪ್ರೊಪೆಲ್ಲರ್ ಕೊನೆಗೆ ಎಂಬ ಕ್ರಮವನ್ನು ಬಿಟ್ಟರೆ ಒಂದರ ದೋಷ ಇನ್ನೊಂದರ ಮೇಲೆ ಹೋಗುತ್ತದೆ. ಇದಕ್ಕೆ ಒಂದು ಸರಳ ಒರೆಗಲ್ಲೂ ಇದೆ. ಟ್ರಿಮ್ ಗುಂಡಿಯನ್ನು ಒತ್ತಿದಾಗ ಪೂರ್ತಿ ಹೋಗುವ ದೋಷ ಟ್ರಿಮ್‌ನದು; ಗುಂಡಿ ಒತ್ತಿದಾಗ ಒಂದು ಕಡೆ ಮರೆಯಾಗಿ ಇನ್ನೊಂದು ರೂಪದಲ್ಲಿ ಎದುರಾಗುವ ದೋಷ ಬಹುಮಟ್ಟಿಗೆ ಎತ್ತರದ್ದು.

ಟ್ರಿಮ್ ಎಂದರೆ ಮೋಟಾರು ದೋಣಿಯ ಹಿಂಬದಿಯ ಹಲಗೆಗೆ, ಅಂದರೆ ಟ್ರಾನ್ಸಮ್‌ಗೆ, ವಾಲಿಕೊಂಡಿರುವ ಕೋನ. ಪ್ರೊಪೆಲ್ಲರನ್ನು ಟ್ರಾನ್ಸಮ್ ಕಡೆಗೆ ಎಳೆದುಕೊಂಡರೆ ಟ್ರಿಮ್ ಒಳಗೆ ಬಂದಂತೆ, ಆಗ ದೋಣಿಯ ಮೂತಿ ಕೆಳಗಾಗುತ್ತದೆ. ಹೊರಕ್ಕೆ ತಳ್ಳಿದರೆ ಮೂತಿ ಏಳುತ್ತದೆ, ನೀರಿಗೆ ತಾಗುವ ತಳ ಕಡಿಮೆಯಾಗುತ್ತದೆ. ಎತ್ತರ ಎಂದರೆ ಮೋಟಾರನ್ನು ಟ್ರಾನ್ಸಮ್ ಮೇಲೆ ಎಷ್ಟು ಮೇಲೆ ಅಥವಾ ಕೆಳಗೆ ಬಿಗಿಯಲಾಗಿದೆ ಎಂಬುದು. ಇವೆರಡೂ ಬೇರೆ ಬೇರೆ ಸಂಗತಿಗಳಾದರೂ ಎರಡೂ ಪ್ರೊಪೆಲ್ಲರ್ ನೀರಿನೊಳಗೆ ಎಷ್ಟು ಆಳದಲ್ಲಿದೆ ಎಂಬುದನ್ನು ಬದಲಿಸುತ್ತವೆ. ಗೊಂದಲ ಹುಟ್ಟುವುದು ಇಲ್ಲಿಯೇ.

ಅಳೆಯುವ ಮೊದಲು

ಮೋಟಾರಿನ ಮೇಲೆ ಅನುಮಾನ ಪಡುವ ಮುನ್ನ ದೋಣಿಯನ್ನು ನೋಡಬೇಕು. ತಳಕ್ಕೆ ಪಾಚಿಯೋ ಚಿಪ್ಪುಹುಳುವೋ ಅಂಟಿದ್ದರೆ, ಒಳತಳದಲ್ಲಿ ನೀರು ನಿಂತಿದ್ದರೆ, ಹಿಂಬದಿಗೆ ಹೊಸದಾಗಿ ಇನ್ನೊಂದು ಬ್ಯಾಟರಿ ಸೇರಿದ್ದರೆ ಎಂಜಿನ್ನಿನಲ್ಲಿ ಏನು ಮಾಡಿದರೂ ಫಲವಿಲ್ಲ. ಹಿಂಬದಿಯ ಸುಮಾರು ಒಂದೂವರೆ ಮೀಟರ್ ತಳಕ್ಕೆ ಉದ್ದದ ನೇರಪಟ್ಟಿಯನ್ನು ಒತ್ತಿ ಹಿಡಿದು ನೋಡುವುದು ನಾನು ಎಂದೂ ಬಿಡದ ಪರೀಕ್ಷೆ. ಪಟ್ಟಿಯ ನಡುವೆ ಬೆಳಕು ಕಂಡರೆ ತಳ ಒಳಕ್ಕೆ ಬಾಗಿದೆ, ಅಂಥ ದೋಣಿ ಮೂತಿಯನ್ನು ನೀರಿಗೆ ಒತ್ತಿಕೊಂಡೇ ಓಡುತ್ತದೆ. ಪಟ್ಟಿ ನಡುವೆ ತಾಗಿ ತುದಿಗಳಲ್ಲಿ ಬೆಳಕು ಕಂಡರೆ ತಳ ಹೊರಕ್ಕೆ ಉಬ್ಬಿದೆ, ಅದು ಕುದುರೆಯಂತೆ ನೆಗೆಯುವ ದೋಣಿ. ಟ್ರೇಲರಿನ ಆಧಾರಗಳು ತಪ್ಪು ಜಾಗದಲ್ಲಿದ್ದು, ಎಂಜಿನ್ ಭಾರ ವರ್ಷಗಟ್ಟಲೆ ಹಿಂದೆ ತೂಗಿದರೆ ತಳ ಹೀಗೆ ಸೊಟ್ಟಗಾಗುವುದುಂಟು.

ಪ್ರೊಪೆಲ್ಲರನ್ನು ಮುಟ್ಟುವ ಮುಂಚೆ ಎಂಜಿನ್ ನಿಲ್ಲಿಸಿ, ಸುರಕ್ಷಾ ಹಗ್ಗದ ಕೀಲಿಯನ್ನು ಕಿತ್ತು ಕಿಸೆಗೆ ಹಾಕಿಕೊಳ್ಳಬೇಕು. ಅಲಗುಗಳ ಮುಂದಂಚನ್ನು ಹೆಬ್ಬೆರಳಿನಿಂದ ಸವರಿದರೆ ಕಣ್ಣಿಗೆ ಕಾಣದ ಮುಕ್ಕೂ ಬೆರಳಿಗೆ ಸಿಗುತ್ತದೆ. ಆ ಮುಕ್ಕಿನ ಹಿಂದೆ, ಅಲಗಿನ ಮೈಮೇಲೆ, ಮರಳಿನಿಂದ ಉಜ್ಜಿದಂಥ ಒರಟು ಕಲೆ ಇದ್ದರೆ ಅದು ಕ್ಯಾವಿಟೇಶನ್ ಗುರುತು: ಒತ್ತಡ ತೀರಾ ಇಳಿದ ಜಾಗದಲ್ಲಿ ನೀರು ಬಿಸಿಯಿಲ್ಲದೆಯೇ ಕುದಿದು, ಆ ಆವಿಯ ಗುಳ್ಳೆಗಳು ಅಲಗಿನ ಮೇಲೆಯೇ ಒಡೆದು ಲೋಹವನ್ನು ಕೊರೆದಿವೆ. ಇದು ಅಲಗಿನ ದೋಷ. ಮುಂದೆ ಹೇಳುವ ವೆಂಟಿಲೇಶನ್ ಬೇರೆ. ಅಲ್ಲಿ ಮೇಲಿನ ಗಾಳಿ ಅಥವಾ ಎಂಜಿನ್ನಿನ ಹೊಗೆ ಅಲಗುಗಳೊಳಗೆ ಎಳೆದುಕೊಂಡು ಬರುತ್ತದೆ. ಗೇರ್‌ಕೇಸಿನ (ಪ್ರೊಪೆಲ್ಲರನ್ನು ತಿರುಗಿಸುವ ಗೇರುಗಳಿರುವ ಕೆಳಭಾಗದ) ಮೇಲೆ, ಪ್ರೊಪೆಲ್ಲರಿನ ನೆತ್ತಿಗೆ ಅಡ್ಡಲಾಗಿರುವ ಚಪ್ಪಟೆ ತಟ್ಟೆಯನ್ನು ಎಲ್ಲರೂ ಕ್ಯಾವಿಟೇಶನ್ ಪ್ಲೇಟ್ ಎಂದೇ ಕರೆಯುತ್ತಾರೆ, ಆದರೆ ಅದು ತಡೆಯುವುದು ವೆಂಟಿಲೇಶನ್ನನ್ನು. ಹೆಸರು ತಪ್ಪಾದರೂ ತಟ್ಟೆಯ ಕೆಲಸ ಸರಿಯಾಗಿಯೇ ನಡೆಯುತ್ತದೆ, ಹಾಗಾಗಿ ಇಲ್ಲಿ ಅದನ್ನು ಬರೀ ತಟ್ಟೆ ಎನ್ನುತ್ತೇನೆ.

ಎತ್ತರವನ್ನು ಅಳೆಯುವುದು

ದೋಣಿ ಟ್ರೇಲರಿನ ಮೇಲಿರುವಾಗ ಟ್ರಿಮ್ ಗುಂಡಿ ಒತ್ತುತ್ತಾ ತಟ್ಟೆಯನ್ನು ದೋಣಿಯ ತಳಕ್ಕೆ ಸಮಾನಾಂತರವಾಗಿ ತರಬೇಕು. ಆಮೇಲೆ ನೇರಪಟ್ಟಿಯನ್ನು ಕೀಲ್ (ತಳದ ನಟ್ಟನಡುವಿನ ಏಣು) ಉದ್ದಕ್ಕೆ ತಳಕ್ಕೆ ಒತ್ತಿ, ಅದರ ತುದಿ ಮೋಟಾರಿನವರೆಗೆ ಬರುವಂತೆ ಹಿಂದಕ್ಕೆ ಚಾಚಿ, ಪಟ್ಟಿಗೂ ತಟ್ಟೆಗೂ ಇರುವ ಅಂತರವನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ತಟ್ಟೆ ಪಟ್ಟಿಯ ನೇರಕ್ಕೆ ಇದ್ದರೆ ಅಥವಾ ಅದಕ್ಕಿಂತ ಸುಮಾರು 25 ಮಿ.ಮೀ. ಮೇಲಿನವರೆಗೆ ಇದ್ದರೆ ಸಾಮಾನ್ಯ ಬಳಕೆಯ ದೋಣಿಗೆ ಅದು ಒಳ್ಳೆಯ ಆರಂಭ. ಮೋಟಾರನ್ನು ಜಾಕ್‌ಪ್ಲೇಟ್, ಅಂದರೆ ಟ್ರಾನ್ಸಮ್‌ಗೂ ಮೋಟಾರಿಗೂ ನಡುವೆ ಬಿಗಿದು ಎತ್ತರ ಹೊಂದಿಸುವ ಚೌಕಟ್ಟಿನ, ಮೇಲೆ ಟ್ರಾನ್ಸಮ್‌ನಿಂದ ಹಿಂದಕ್ಕೆ ಕೂರಿಸಿದ್ದರೆ ಲೆಕ್ಕ ಬದಲಾಗುತ್ತದೆ. ದೋಣಿಯ ತಳವನ್ನು ಬಿಟ್ಟ ನೀರು ಹಿಂದಕ್ಕೆ ಹೋಗುತ್ತಾ ಮೇಲೇಳುವುದರಿಂದ, ಹಿಂದೆ ಸರಿಸಿದ ಪ್ರತಿ 8ರಿಂದ 12 ಇಂಚಿಗೆ ಮೋಟಾರನ್ನು ಸುಮಾರು ಒಂದು ಇಂಚು ಏರಿಸಬಹುದು.

ಅಂತರ ತೀರಾ ಹೆಚ್ಚಿದ್ದರೆ, ಅಂದರೆ ತಟ್ಟೆ ನಾಲ್ಕೈದು ಇಂಚು ಮೇಲೋ ಕೆಳಗೋ ಇದ್ದರೆ, ಅದು ತೂತು ಬದಲಿಸಿ ಸರಿಯಾಗುವ ವಿಷಯವಲ್ಲ. ಶಾಫ್ಟ್ ಉದ್ದವೇ ಟ್ರಾನ್ಸಮ್‌ಗೆ ಹೊಂದಿಲ್ಲ. ಮೋಟಾರುಗಳು ಸಾಮಾನ್ಯವಾಗಿ 15, 20, 25 ಮತ್ತು 30 ಇಂಚಿನ ಟ್ರಾನ್ಸಮ್‌ಗಳಿಗೆ ತಕ್ಕಂತೆ ಬರುತ್ತವೆ. ಹಳೆಯ ದೋಣಿಗೆ ಸಿಕ್ಕಿದ ಹಳೆಯ ಮೋಟಾರನ್ನು ಕೂರಿಸುವಾಗ ಈ ಅಳತೆ ತಪ್ಪುವುದು ಹೆಚ್ಚು.

ನನ್ನ ಐದು ಮೀಟರ್ ದೋಣಿಯಲ್ಲಿ ಪೂರ್ತಿ ಥ್ರಾಟಲ್‌ಗೂ ಎಂಜಿನ್ 5000 ಆರ್‌ಪಿಎಂ ದಾಟುತ್ತಿರಲಿಲ್ಲ, ಕೈಪಿಡಿಯಲ್ಲಿದ್ದ ಮಿತಿ 5000ದಿಂದ 6000. ಪ್ರೊಪೆಲ್ಲರಿನ ಪಿಚ್ಚನ್ನು, ಅಂದರೆ ಅದು ಜಾರದೆ ಒಂದು ಸುತ್ತಿಗೆ ಮುಂದೆ ಸಾಗುವ ದೂರವನ್ನು, ಎರಡು ಇಂಚು ಇಳಿಸಿದೆ. ಆರ್‌ಪಿಎಂ ಏರಿತು, ವೇಗ ಇದ್ದಲ್ಲೇ ಇತ್ತು, ಪೆಟ್ರೋಲ್ ಮಾತ್ರ ಹೆಚ್ಚು ಕುಡಿಯತೊಡಗಿತು. ಒಂದು ದಿನ ಚುಕ್ಕಾಣಿಯನ್ನು ಗೆಳೆಯನಿಗೆ ಕೊಟ್ಟು ಹಿಂದಿನ ಸೀಟಿನಲ್ಲಿ ಕುಳಿತು ಮೋಟಾರನ್ನೇ ನೋಡುತ್ತಾ ಹೋದೆ. ತಟ್ಟೆ ಕಾಣಿಸಲೇ ಇಲ್ಲ. ಮೋಟಾರಿನ ನಡುಭಾಗವೇ ನೀರನ್ನು ಸೀಳಿಕೊಂಡು ಬರುತ್ತಿತ್ತು, ಬ್ರಾಕೆಟ್ಟಿನ ಎರಡೂ ಪಕ್ಕದಿಂದ ನೀರು ಬೀಸಣಿಗೆಯಂತೆ ಹರಡಿ ಟ್ರಾನ್ಸಮ್ ಮೇಲಿನಿಂದ ನನ್ನ ಮೊಣಕಾಲಿಗೆ ಎರಚುತ್ತಿತ್ತು. ದಡಕ್ಕೆ ಬಂದು ಅಳೆದರೆ ತಟ್ಟೆ ಕೀಲ್‌ಗಿಂತ 63 ಮಿ.ಮೀ. ಕೆಳಗಿತ್ತು. ಬ್ರಾಕೆಟ್ಟಿನ ನಾಲ್ಕು ತೂತುಗಳಲ್ಲಿ ಎಲ್ಲಕ್ಕಿಂತ ಮೇಲಿನದಕ್ಕೆ ಬೋಲ್ಟ್ ಹಾಕಲಾಗಿತ್ತು. ಮೇಲಿನ ತೂತು ಎಂದರೆ ಮೋಟಾರ್ ಮೇಲೆ ಎಂದು ಹಾಕಿದವರು ಭಾವಿಸಿರಬೇಕು, ನಿಜ ತಿರುಗುಮುರುಗು. ಟ್ರಾನ್ಸಮ್‌ನ ಬೋಲ್ಟ್ ಇದ್ದಲ್ಲೇ ಇರುವುದರಿಂದ ಬ್ರಾಕೆಟ್ಟಿನ ಮೇಲಿನ ತೂತನ್ನು ಬಳಸಿದಷ್ಟೂ ಮೋಟಾರು ಕೆಳಕ್ಕೆ ಜೋತುಬೀಳುತ್ತದೆ. ತೂತುಗಳ ನಡುವಿನ ಅಂತರ 19 ಮಿ.ಮೀ. ಇದ್ದುದರಿಂದ ಕೊನೆಯ ತೂತಿಗೆ ಬಂದಾಗ ತಟ್ಟೆ 57 ಮಿ.ಮೀ. ಏರಿ ಹೆಚ್ಚುಕಡಿಮೆ ಕೀಲ್‌ನ ಸಮಕ್ಕೆ ಬಂತು. ಹಳೆಯ ಪ್ರೊಪೆಲ್ಲರನ್ನೇ ಮತ್ತೆ ಹಾಕಿದೆ, ಈ ಸಲ ಎಂಜಿನ್ 5400 ದಾಟಿತು.

ನೀರಿನ ಮೇಲೆ ಮೊದಲ ಓಟ

ಸರಿಪಡಿಸುವ ಮೊದಲು ಈಗಿನ ಸ್ಥಿತಿಯ ಅಂಕಿಗಳು ಕೈಯಲ್ಲಿರಬೇಕು. ದಿನವೂ ಹೊರುವ ಭಾರ, ಅರ್ಧ ತುಂಬಿದ ಟ್ಯಾಂಕು, ಶಾಂತವಾದ ನೀರು ಇಷ್ಟನ್ನು ನೋಡಿಕೊಂಡು ಒಂದೇ ದಾರಿಯಲ್ಲಿ ಹೋಗಿ ಹಿಂದಿರುಗಿ, ಎರಡೂ ದಿಕ್ಕಿನ ಜಿಪಿಎಸ್ ವೇಗದ ಸರಾಸರಿಯನ್ನು ಬರೆದುಕೊಳ್ಳಬೇಕು, ಇಲ್ಲದಿದ್ದರೆ ಗಾಳಿಯೂ ಸೆಳೆತವೂ ಲೆಕ್ಕವನ್ನು ಕೆಡಿಸುತ್ತವೆ. ಜೊತೆಗೆ ಆರ್‌ಪಿಎಂ, ಟ್ರಿಮ್ ಮುಳ್ಳಿನ ಜಾಗ, ಎಂಜಿನ್ನನ್ನು ತಂಪಾಗಿಸುವ ನೀರಿನ ಒತ್ತಡ ಇವೂ ಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ, ಪಾಲಿಸುವವರು ಕಡಿಮೆ.

ಈ ಅಂಕಿಗಳಿಂದ ಜಾರಿಕೆಯನ್ನು, ಅಂದರೆ ಸ್ಲಿಪ್ಪನ್ನು, ಲೆಕ್ಕ ಹಾಕಬಹುದು. ಆರ್‌ಪಿಎಂ ಅನ್ನು ಇಂಚಿನಲ್ಲಿರುವ ಪಿಚ್‌ನಿಂದ ಗುಣಿಸಿ, 0.001524ರಿಂದ ಮತ್ತೆ ಗುಣಿಸಿ, ಗೇರ್ ಅನುಪಾತದಿಂದ (ಪ್ರೊಪೆಲ್ಲರಿನ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತು ತಿರುಗುತ್ತದೆ ಎಂಬ ಅಂಕಿಯಿಂದ) ಭಾಗಿಸಿದರೆ ಪ್ರೊಪೆಲ್ಲರ್ ಒಂದಿಷ್ಟೂ ಜಾರದಿದ್ದಾಗ ಬರಬೇಕಾದ ವೇಗ ಗಂಟೆಗೆ ಕಿಲೋಮೀಟರಿನಲ್ಲಿ ಸಿಗುತ್ತದೆ. 5500 ಆರ್‌ಪಿಎಂ, 17 ಇಂಚಿನ ಪಿಚ್, 2.00 ಅನುಪಾತ ಇದ್ದರೆ ಇದು ಸುಮಾರು 71 ಕಿ.ಮೀ.; ಜಿಪಿಎಸ್ 60 ತೋರಿಸಿದರೆ ಜಾರಿಕೆ ಶೇಕಡಾ 16ರ ಆಸುಪಾಸು. ಹಗುರವಾದ ಓಟದ ದೋಣಿಗೆ ಶೇಕಡಾ 10ರಿಂದ 15 ಸಹಜ, ಭಾರದ ದೋಣಿಗೆ 20 ದಾಟುವುದೂ ಇದೆ. ನನಗೆ ಒಂಟಿ ಅಂಕಿಗಿಂತ ಅದರ ನಡೆ ಮುಖ್ಯ. ಟ್ರಿಮ್ ಹೊರಗೆ ಹೋದಂತೆ ಜಾರಿಕೆ ಮೆಲ್ಲಗೆ ಇಳಿದು ಒಂದು ಹಂತದಲ್ಲಿ ಥಟ್ಟನೆ ಜಿಗಿದರೆ, ಆ ಹಂತದಲ್ಲಿ ಪ್ರೊಪೆಲ್ಲರ್ ಗಾಳಿಯನ್ನು ಹೀರತೊಡಗಿದೆ ಎಂದೇ ಅರ್ಥ.

ಲಕ್ಷಣಗಳಿಂದ ಕಾರಣಕ್ಕೆ

ತಿರುವಿನಲ್ಲಿ ಅಥವಾ ಅಲೆಯ ಮೇಲೆ ಎಂಜಿನ್ ಒಮ್ಮೆಲೇ ಕಿರುಚಿ, ದೋಣಿ ಮಾತ್ರ ಮುಂದೆ ಹೋಗದೆ ಕುಸಿದಂತಾಗುವುದು ವೆಂಟಿಲೇಶನ್‌ನ ಲಕ್ಷಣ. ಥ್ರಾಟಲ್ ಇಳಿಸಿದ ಕೂಡಲೇ ಪ್ರೊಪೆಲ್ಲರ್ ಮತ್ತೆ ನೀರನ್ನು ಕಚ್ಚಿಕೊಳ್ಳುತ್ತದೆ. ಇದೇ ವರ್ತನೆ ಪೂರ್ತಿ ಟ್ರಿಮ್ ಒಳಗೆ ಎಳೆದಾಗ ನಿಂತರೆ ತಿರುವಿಗೆ ಮುನ್ನ ಟ್ರಿಮ್ ತುಸು ಒಳಗೆ ತರುವ ಅಭ್ಯಾಸ ಸಾಕು. ಪೂರ್ತಿ ಒಳಗಿದ್ದರೂ ಸಾಧಾರಣ ತಿರುವಿನಲ್ಲಿ ಹಿಡಿತ ತಪ್ಪುತ್ತಿದ್ದರೆ ಮೋಟಾರನ್ನು ಒಂದು ತೂತು ಇಳಿಸಬೇಕು. ಇಳಿಸುವ ಮೊದಲು ಪ್ರೊಪೆಲ್ಲರಿನ ನೇರ ಮುಂದೆ, ತಳದಲ್ಲಿ ಏನಾದರೂ ಚಾಚಿಕೊಂಡಿದೆಯೇ ನೋಡಿ: ಆಳ ಅಳೆಯುವ ಸೆನ್ಸರ್, ನೀರು ಹೀರುವ ಫಿಟ್ಟಿಂಗ್, ಟ್ರಾನ್ಸಮ್ ತನಕ ಬಂದು ಥಟ್ಟನೆ ಮುಗಿಯುವ ದಪ್ಪ ಕೀಲ್. ಇವು ನೀರನ್ನು ಕಲಕಿ ಗುಳ್ಳೆಗಳ ಸಾಲನ್ನೇ ಪ್ರೊಪೆಲ್ಲರಿಗೆ ಉಣಿಸುತ್ತವೆ. ಸೆನ್ಸರ್ ಅನ್ನು ಪಕ್ಕಕ್ಕೆ ಸರಿಸಿದ್ದರಿಂದಲೇ ದೋಷ ಹೋದ ದೋಣಿಯನ್ನು ನೋಡಿದ್ದೇನೆ.

ಇದಕ್ಕೆ ಹೋಲುವ ಇನ್ನೊಂದು ದೋಷ ಹಬ್ ಜಾರುವುದು. ಪ್ರೊಪೆಲ್ಲರಿನ ಹೊರಭಾಗಕ್ಕೂ ಒಳಗಿನ ಲೋಹದ ತೋಳಿಗೂ ನಡುವೆ ರಬ್ಬರ್ ಇರುತ್ತದೆ. ಅದು ಬಿಟ್ಟುಕೊಂಡರೆ ನೇರವಾದ ಓಟದಲ್ಲಿ, ಶಾಂತ ನೀರಿನಲ್ಲಿ, ಯಾವ ಟ್ರಿಮ್‌ನಲ್ಲೂ ಎಂಜಿನ್ ಏರುತ್ತದೆ, ದೋಣಿ ಏರುವುದಿಲ್ಲ. ತೋಳಿನಿಂದ ಹೊರಭಾಗದವರೆಗೆ ಬಣ್ಣದಿಂದ ಒಂದು ಗೆರೆ ಎಳೆದು ಜೋರಾಗಿ ಓಡಿಸಿ ಬನ್ನಿ. ಗೆರೆ ತುಂಡಾಗಿದ್ದರೆ ಎತ್ತರಕ್ಕೂ ಟ್ರಿಮ್‌ಗೂ ಇದರಲ್ಲಿ ಪಾತ್ರವಿಲ್ಲ.

ದೋಣಿ ನೀರಿನ ಮೇಲೆ ಏಳುವುದಕ್ಕೇ, ಅಂದರೆ ನೀರನ್ನು ಸೀಳುವುದು ಬಿಟ್ಟು ಅದರ ಮೈಮೇಲೆ ಜಾರಿ ಓಡುವುದಕ್ಕೇ, ತುಂಬಾ ಹೊತ್ತು ಹಿಡಿದು, ಮೂತಿ ಆಕಾಶ ನೋಡುತ್ತಾ ನಿಂತರೆ ಮೊದಲು ಟ್ರಿಮ್ ನಿಜವಾಗಿ ಪೂರ್ತಿ ಒಳಗೆ ಬರುತ್ತಿದೆಯೇ ಪರೀಕ್ಷಿಸಿ. ಗುಂಡಿಯಿಲ್ಲದ ಚಿಕ್ಕ ಮೋಟಾರುಗಳಲ್ಲಿ ಬ್ರಾಕೆಟ್ಟಿನ ಅಡ್ಡ ಸರಳು ತಪ್ಪು ತೂತಿನಲ್ಲಿದ್ದರೆ ಇದೇ ಆಗುತ್ತದೆ. ಸರಳನ್ನು ಟ್ರಾನ್ಸಮ್‌ಗೆ ಹತ್ತಿರದ ತೂತಿಗೆ ಹಾಕಿದರೂ ಮೂತಿ ಇಳಿಯದಿದ್ದರೆ ಟ್ರಾನ್ಸಮ್‌ನ ಇಳಿಜಾರೇ ಕಡಿಮೆಯಿರಬಹುದು, ಆಗ ಬ್ರಾಕೆಟ್ಟಿನ ಹಿಂದೆ ಬೆಣೆ ಕೊಡಬೇಕಾಗುತ್ತದೆ. ಏಳುವಾಗ ಎಂಜಿನ್ ಜಾರಿದಂತೆ ಸದ್ದು ಮಾಡಿದರೆ ಮೋಟಾರ್ ಎತ್ತರವಿದೆ; ಉಸಿರು ಕಟ್ಟಿದಂತೆ ತೇಕಿದರೆ ಪಿಚ್ ಹೆಚ್ಚಿದೆ ಅಥವಾ ಮೋಟಾರ್ ಆಳದಲ್ಲಿದೆ.

ಮೂತಿ ತಾಳಬದ್ಧವಾಗಿ ಏಳುತ್ತಾ ಬೀಳುತ್ತಾ ಹೋಗುವುದು, ಪೋರ್ಪಸಿಂಗ್, ಮೇಲೆ ಹೇಳಿದ ಒರೆಗಲ್ಲಿಗೆ ಅಪವಾದ. ಟ್ರಿಮ್ ಒಳಗೆ ತಂದರೆ ನೆಗೆತ ನಿಲ್ಲುತ್ತದೆ, ಆದರೆ ವೇಗವೂ ಸಾಯುತ್ತದೆ, ಚುಕ್ಕಾಣಿ ಭಾರವಾಗುತ್ತದೆ. ದೋಷದ ರೂಪ ಬದಲಾಯಿತು ಎಂದು ಇಲ್ಲಿ ಮೋಟಾರನ್ನು ಮೇಲೆ ಕೆಳಗೆ ಮಾಡುವುದು ವ್ಯರ್ಥ. ಹಿಂಬದಿಯ ಭಾರವನ್ನು ಮುಂದಕ್ಕೆ ಸಾಗಿಸಿ ನೋಡಬೇಕು. ಬ್ಯಾಟರಿಯೊಂದನ್ನು ನಡುಭಾಗಕ್ಕೆ ತಂದರೂ ವ್ಯತ್ಯಾಸ ಗೊತ್ತಾಗುತ್ತದೆ. ಅದರಿಂದಲೂ ಆಗದಿದ್ದರೆ ತಳ ಉಬ್ಬಿದೆಯೇ ಎಂದು ನೇರಪಟ್ಟಿಯ ಪರೀಕ್ಷೆಗೆ ಹಿಂದಿರುಗಬೇಕು.

ಚುಕ್ಕಾಣಿ ಒಂದು ಕಡೆಗೆ ಎಳೆಯುವುದು ಪ್ರೊಪೆಲ್ಲರ್ ತಿರುಗುವ ದಿಕ್ಕಿನಿಂದ ಬರುವ ಬಲ. ತಟ್ಟೆಯ ಕೆಳಗಿರುವ ಚಿಕ್ಕ ರೆಕ್ಕೆಯನ್ನು, ಅಂದರೆ ಟ್ರಿಮ್ ಟ್ಯಾಬನ್ನು, ಅದಕ್ಕಾಗಿಯೇ ಇಟ್ಟಿದ್ದಾರೆ. ದೋಣಿ ಬಲಕ್ಕೆ ಎಳೆದರೆ ರೆಕ್ಕೆಯ ಹಿಂತುದಿಯನ್ನು ಬಲಕ್ಕೆ, ಎಡಕ್ಕೆ ಎಳೆದರೆ ಎಡಕ್ಕೆ ಸ್ವಲ್ಪವೇ ತಿರುಗಿಸಿ ಬಿಗಿಯಬೇಕು. ಮೋಟಾರನ್ನು ಏರಿಸಿದ ಮೇಲೆ ಈ ಎಳೆತ ಹೊಸದಾಗಿ ಶುರುವಾದರೆ ಆಶ್ಚರ್ಯಪಡಬೇಕಾಗಿಲ್ಲ, ರೆಕ್ಕೆ ನೀರಿನಿಂದ ಹೊರಗೆ ಬಂದು ಕೆಲಸ ನಿಲ್ಲಿಸಿರುತ್ತದೆ. ಟ್ರಿಮ್ ಬದಲಾದಂತೆ ಎಳೆತದ ದಿಕ್ಕೂ ಬದಲಾಗುವುದರಿಂದ ಹೆಚ್ಚು ಹೊತ್ತು ಓಡಿಸುವ ವೇಗದಲ್ಲಿ ಚುಕ್ಕಾಣಿ ಹಗುರವಾಗುವಂತೆ ಹೊಂದಿಸಿದರೆ ಸಾಕು.

ಎಲ್ಲಕ್ಕಿಂತ ಅಪಾಯದ ಲಕ್ಷಣ ತಂಪು ನೀರಿನದು. ನೀರು ಹೀರುವ ಜಾಲರಿಗಳು ಗೇರ್‌ಕೇಸಿನಲ್ಲಿವೆ, ಮೋಟಾರ್ ಮೇಲೆ ಹೋದಷ್ಟೂ ಅವು ಗಾಳಿಗೆ ಹತ್ತಿರವಾಗುತ್ತವೆ. ಟ್ರಿಮ್ ಹೊರಕ್ಕೆ ಕೊಟ್ಟಾಗ ಮಾತ್ರ ಒತ್ತಡದ ಮುಳ್ಳು ಕುಸಿದು, ಒಳಗೆ ತಂದಾಗ ಮೇಲೇರಿದರೆ ಅದು ಆ ಎತ್ತರದ ಟ್ರಿಮ್ ಮಿತಿ. ವೇಗದಲ್ಲಿ ಎಲ್ಲ ಟ್ರಿಮ್‌ನಲ್ಲೂ ಒತ್ತಡ ಕಡಿಮೆಯಿದ್ದು, ನಿಧಾನದಲ್ಲಿ ಸರಿಯಿದ್ದರೆ ಮೋಟಾರನ್ನು ಇಳಿಸಬೇಕು. ನಿಧಾನದಲ್ಲೂ ವೇಗದಲ್ಲೂ ಕಡಿಮೆಯೇ ಇದ್ದರೆ ಪಂಪಿನ ಇಂಪೆಲ್ಲರ್ (ನೀರನ್ನು ತಳ್ಳುವ ರೆಕ್ಕೆಚಕ್ರ) ಸವೆದಿದೆ ಅಥವಾ ಜಾಲರಿಗೆ ಪ್ಲಾಸ್ಟಿಕ್ ಅಂಟಿದೆ. ಹಿಂದೆ ಚಿಮ್ಮುವ ಸಣ್ಣ ನೀರಿನ ಎಳೆಯನ್ನು ನಂಬಿ ಕೂರಬಾರದು. ಪಂಪು ತಿರುಗುತ್ತಿದೆ ಎಂಬುದನ್ನು ಅದು ಹೇಳುತ್ತದೆ, ಸಾಕಷ್ಟು ನೀರು ಹೋಗುತ್ತಿದೆ ಎಂಬುದನ್ನು ಹೇಳುವುದಿಲ್ಲ. ಮೋಟಾರನ್ನು ಏರಿಸುವ ಮನಸ್ಸಿದ್ದವರು ಮೊದಲು ಒತ್ತಡದ ಮೀಟರ್ ಹಾಕಿಸಿಕೊಳ್ಳುವುದು ಲೇಸು.

ಟ್ರಿಮ್ ಯಂತ್ರವೇ ಕೆಟ್ಟಿದ್ದರೆ ಮೇಲಿನ ಯಾವ ಪರೀಕ್ಷೆಯೂ ನಿಲ್ಲುವುದಿಲ್ಲ. ಏರಿಸಿ ಬಿಟ್ಟ ಮೋಟಾರು ತಾನಾಗಿ ಇಳಿಯುತ್ತಿದ್ದರೆ ಕೈಯಿಂದ ತಿರುಗಿಸುವ ಬಿಡುಗಡೆ ಸ್ಕ್ರೂ ಸಡಿಲವಾಗಿದೆಯೇ ಮೊದಲು ನೋಡಬೇಕು, ಆಮೇಲೆ ಸೀಲ್‌ಗಳನ್ನು. ಒಂದೇ ದಿಕ್ಕಿಗೆ ಚಲಿಸಿದರೆ ರಿಲೇ ಅಥವಾ ಅದರ ವೈರಿಂಗ್ ಮೇಲೆ ಅನುಮಾನ. ಪಂಪಿನ ಸದ್ದು ಬಂದರೂ ಮೋಟಾರ್ ಅಲುಗದಿದ್ದರೆ ಎಣ್ಣೆ ಕಡಿಮೆಯಾಗಿದೆ; ಬಹುತೇಕ ಮಾದರಿಗಳಲ್ಲಿ ಎಣ್ಣೆಯ ಮಟ್ಟವನ್ನು ಮೋಟಾರು ಪೂರ್ತಿ ಮೇಲಿರುವಾಗ, ಟಿಲ್ಟ್ ಲಾಕ್ ಹಾಕಿ ನೋಡಬೇಕು.

ಏರಿಸುವ ಕೆಲಸ

ಎತ್ತರ ತಪ್ಪಿದೆ ಎಂದು ಖಚಿತವಾದ ಮೇಲೆ ಒಂದೊಂದೇ ತೂತಿನಂತೆ ಏರಿಸುವುದು ಸರಿಯಾದ ಕ್ರಮ. ಎಂಜಿನ್ನಿನ ತಲೆಯ ಮೇಲಿನ ಎತ್ತುವ ಉಂಗುರಕ್ಕೆ ಚೈನ್ ಬ್ಲಾಕ್ ಕೊಕ್ಕೆ ಹಾಕಿ, ಭಾರ ಅದರ ಮೇಲೆ ಬಂದ ನಂತರವೇ ಬೋಲ್ಟ್ ಸಡಿಲಿಸಬೇಕು. ಜಾಕ್ ಅನ್ನು ಗೇರ್‌ಕೇಸಿನ ಚೂಪು ಮೂಲೆಗೆ ಕೊಟ್ಟು ಎತ್ತುವ ಸಾಹಸ ಬೇಡ. ಕೆಳಗಿನ ಬೋಲ್ಟ್‌ಗಳು ಕೆಲವು ಬ್ರಾಕೆಟ್ಟುಗಳಲ್ಲಿ ಉದ್ದನೆಯ ಸೀಳಿನಲ್ಲಿರುವುದರಿಂದ ಅವನ್ನು ಪೂರ್ತಿ ತೆಗೆಯಬೇಕಾಗಿಲ್ಲ. ಮೇಲಿನವನ್ನು ಹೊರಗೆ ಎಳೆದಾಗ ತೂತಿನೊಳಗಿನ ಮರ ಒದ್ದೆಯಾಗಿದೆಯೇ, ಬೆರಳಿಗೆ ಕಪ್ಪು ಪುಡಿ ಅಂಟುತ್ತದೆಯೇ ನೋಡಿ. ಅಂಟಿದರೆ ಟ್ರಾನ್ಸಮ್ ಒಳಗೇ ಕೊಳೆಯುತ್ತಿದೆ, ಅದನ್ನು ಸರಿಪಡಿಸದೆ ಮೋಟಾರನ್ನು ಮತ್ತೆ ಬಿಗಿಯಬಾರದು. ತೂತು, ಬೋಲ್ಟಿನ ಕಾಂಡ, ವಾಷರಿನ ಕೆಳಗೆ ಎಲ್ಲಕ್ಕೂ ನೀರೊಳಗೆ ನಿಲ್ಲುವ ಸೀಲೆಂಟ್ ಹಚ್ಚಿ, ಕೈಪಿಡಿ ಹೇಳಿದ ಟಾರ್ಕ್‌ಗೆ ಬಿಗಿಯಬೇಕು. ಹೊಸ ತೂತು ಕೊರೆಯಬೇಕಾಗಿ ಬಂದರೆ ಹಳೆಯದಕ್ಕೆ ಅಂಟಿದಂತೆ ಕೊರೆಯದೆ ಜಾಕ್‌ಪ್ಲೇಟ್ ಬಗ್ಗೆ ಯೋಚಿಸುವುದು ಒಳ್ಳೆಯದು.

ಪ್ರತಿ ತೂತಿನ ನಂತರವೂ ಮೊದಲಿನ ಓಟವನ್ನೇ ಮತ್ತೆ ಓಡಬೇಕು. ಸರಿಯಾದ ಎತ್ತರದಲ್ಲಿ, ದೋಣಿ ಪೂರ್ತಿ ಎದ್ದು ಓಡುವಾಗ, ತಟ್ಟೆ ನೀರಿನ ಮೈಗೆ ಸಮನಾಗಿ ಕಾಣಬೇಕು. ಅದರ ಮೇಲೆ ತೆಳ್ಳಗೆ ನೀರಿನ ಪದರ ಹರಿದು ಹಿಂಬದಿಯ ಅಂಚಿನಿಂದ ಜಾರುತ್ತಿದ್ದರೆ ತೊಂದರೆಯಿಲ್ಲ. ತಿರುವಿನಲ್ಲಿ ಹಿಡಿತ ತಪ್ಪಿದರೆ ಅಥವಾ ನೀರಿನ ಒತ್ತಡ ಕುಸಿದರೆ ಒಂದು ತೂತು ಹಿಂದಕ್ಕೆ ಬನ್ನಿ, ಅಲ್ಲಿಗೆ ಎತ್ತರದ ಪ್ರಶ್ನೆ ಮುಗಿಯಿತು. ಒಂದೆರಡು ಕಿ.ಮೀ. ವೇಗದ ಆಸೆಗೆ ಇನ್ನೊಂದು ತೂತು ಏರಿಸುವವರನ್ನು ನಾನು ತಡೆಯುವುದಿಲ್ಲ, ಆದರೆ ಮಕ್ಕಳನ್ನು ಕೂರಿಸಿಕೊಂಡು ಹೋಗುವ ದೋಣಿಗೆ ತಿರುವಿನ ಹಿಡಿತವೇ ಹೆಚ್ಚು ಬೆಲೆಯದು.

ಪ್ರೊಪೆಲ್ಲರಿನ ಸರದಿ ಈಗ ಬರುತ್ತದೆ. ಎತ್ತರವೂ ಟ್ರಿಮ್ಮೂ ನಿಂತ ಮೇಲೆ, ದಿನದ ಭಾರದೊಂದಿಗೆ ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ಕೈಪಿಡಿಯ ಮಿತಿಯ ಮೇಲಿನ ಅರ್ಧದಲ್ಲಿ ಓಡಬೇಕು. ಓಡದಿದ್ದರೆ ಪಿಚ್ ಇಳಿಸಿ, ಮಿತಿ ದಾಟಿದರೆ ಏರಿಸಿ. ಒಂದು ಇಂಚು ಪಿಚ್‌ಗೆ ಸುಮಾರು 150ರಿಂದ 200 ಆರ್‌ಪಿಎಂ ವ್ಯತ್ಯಾಸವಾಗುತ್ತದೆ. ಎತ್ತರದಲ್ಲಿ ಹಿಡಿತ ಸಾಲದಿದ್ದರೆ ಹಿಂದಂಚು ಮಡಿಸಿದ ಅಲಗಿನ ಅಥವಾ ನಾಲ್ಕು ಅಲಗಿನ ಪ್ರೊಪೆಲ್ಲರ್ ಸ್ವಲ್ಪ ನೆರವಾಗುತ್ತದೆ. ಕೆಲಸ ಮುಗಿದ ದಿನವೇ ನಟ್ಟಿನಿಂದ ಬ್ರಾಕೆಟ್ಟಿನ ಮೇಲೆ ಬಣ್ಣದ ಗೆರೆ ಎಳೆದಿಡಿ. ಒಂದೆರಡು ಓಟಗಳ ನಂತರ ಗೆರೆ ಮುರಿದಿದ್ದರೆ, ಬೋಲ್ಟ್ ಸಡಿಲಾಗಿದೆ ಎಂದು ಕೈಯಾಡಿಸದೆಯೇ ಗೊತ್ತಾಗುತ್ತದೆ.